ಐತಪ್ಪ ಮಾವ ಬಿಚ್ಚಿಸಿಕೊಂಡು ಬಂದ ಬೋರ್ಡು

ನನ್ನ ಸೋದರಮಾವ ಐತಪ್ಪ ಪುತ್ತೂರಿನಿಂದ ಮದರಾಸಿಗೆ ಬಂದು ಮೈಲಾಪುರದ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದರು. ಶಾಲೆಗೆ ಹೋದದ್ದು ಮೂರೇ ವರ್ಷ, ಆದರೆ ಅಕ್ಷರ ಮುತ್ತಿನಂಥದ್ದು. ಹೋಟೆಲಿನ ಬೋರ್ಡುಗಳನ್ನೆಲ್ಲ ಬರೆಯುತ್ತಿದ್ದವರು ಅವರೇ. ತಮಿಳನ್ನೂ ನೋಡಿ ನೋಡಿ ಕಲಿತಿದ್ದರು. ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ.

ಅಲ್ಲಿಗೆ ದಿನಾ ಕಾಫಿಗೆ ಬರುತ್ತಿದ್ದ ನಂಜುಂಡ ಪೆರಂಬೂರಿನ ರೈಲ್ವೆ ಗುಮಾಸ್ತರ ಮಗ, ಚಿತ್ರಕಾರ. ಒಂದು ದಿನ ಅವರು, "ಐತಪ್ಪನವರೇ, ಗೋಡೌನಲ್ಲಿರೋ ಆ ಹಳೇ 'ಊಟ ತಯಾರ್' ಬೋರ್ಡು ನನಗೆ ಕೊಡ್ತೀರಾ?" ಎಂದರು.

"ಅದು ಎಂತಕ್ಕೆ ಮಾರಾಯ್ರೇ? ಒಲೆಗೆ ಹಾಕ್ಲಿಕ್ಕೆ ಇಟ್ಟದ್ದು. ತಗೊಂಡು ಹೋಗಿ."

೧೯೬೬ರಲ್ಲಿ ಮೌಂಟ್ ರೋಡಿನ ಹಾಲೊಂದರಲ್ಲಿ ನಂಜುಂಡರ ಚಿತ್ರಪ್ರದರ್ಶನ. ಕರೆದಿದ್ದಾರೆಂದು ಮಾವ ಮಡಿ ಪಂಚೆ ಉಟ್ಟು, ಅವರ ಮನೆಯಲ್ಲೇ ಇದ್ದು ಪಿ.ಯು.ಸಿ. ಓದುತ್ತಿದ್ದ ನನ್ನನ್ನೂ ಕರೆದುಕೊಂಡು ಹೋದರು. ಗೋಡೆಯ ತುಂಬ ಅಚ್ಚು ಒತ್ತಿದ ಚಿತ್ರಗಳು: ಒಂದೇ ಕಾಫಿ ಲೋಟ ಒಂಬತ್ತು ಸಲ, ಒಂಬತ್ತು ಬಣ್ಣದಲ್ಲಿ, ಬಾಗಿಲಿನಷ್ಟು ದೊಡ್ಡ ಬೆಂಕಿಪೊಟ್ಟಣ. ದಿನಬಳಕೆಯ ಸಾಮಾನನ್ನೇ ಚಿತ್ರವಾಗಿಸುವ ಇದನ್ನು ಪೇಪರಿನವರು ಪಾಪ್ ಕಲೆ ಎಂದಿದ್ದರು. "ನಮ್ಮ ಹೋಟೆಲೇ ಅಲ್ವಾ ಇದು!" ಎಂದು ಮಾವ ಹಿಗ್ಗಿದರು.

ಮೂಲೆಯಲ್ಲಿ ಬಿಸ್ಕತ್ತಿನ ಡಬ್ಬ, ಜಜ್ಜಿದ ಲೋಟ, ಪೆಟ್ಟಿಗೆಯ ಹಲಗೆ ಎಲ್ಲ ಸೇರಿಸಿ ಕಟ್ಟಿದ ಕಲಾಕೃತಿಯೊಂದಿತ್ತು. ನಡುವೆ ಮಾವನ ಬೋರ್ಡು. ಸೂಟು ಹಾಕಿದವರೊಬ್ಬರು ಅದರ ಅಕ್ಷರ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಸುತ್ತಲಿದ್ದವರು ನಕ್ಕರು.

ಮಾವನ ಮುಖ ಕಪ್ಪಿಟ್ಟಿತು. "ನಂಜುಂಡನವರೇ, ನನ್ನ ಅಕ್ಷರ ಜನ ನಗ್ಲಿಕ್ಕೆ ಇಟ್ಟದ್ದಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

"ಅಯ್ಯೋ, ಹಾಗಲ್ಲ. ಕೆಳಗಿರೋ ಚೀಟಿ ನೋಡಿ..."

"ಎಂತ ನೋಡುದು? ನನ್ನ ಬೋರ್ಡು ನನಗೆ ಕೊಡಿ."

ನಂಜುಂಡ ಯಾರಿಂದಲೋ ಸ್ಕ್ರೂಡ್ರೈವರ್ ತರಿಸಿ, ತಾವೇ ಬಿಚ್ಚಿ ಕೈಗಿತ್ತರು. ಜನ ನೋಡುತ್ತಿದ್ದಾರೆಂಬ ನಾಚಿಕೆಯಲ್ಲಿ ನಾನು ಆಗಲೇ ಬಾಗಿಲ ಹತ್ತಿರ ಹೋಗಿದ್ದೆ. ನಾಲ್ಕು ಹೆಜ್ಜೆ ಮುಂದಿಟ್ಟಿದ್ದರೆ ಆ ಇಂಗ್ಲಿಷ್ ಚೀಟಿಯನ್ನು ಮಾವನಿಗೆ ಓದಿ ಹೇಳಬಹುದಿತ್ತು. ಓದಲಿಲ್ಲ.

ಮಾವ ಅದೇ ವಾರ ಬೋರ್ಡನ್ನು ಕೆರೆದು 'ಕೈ ತೊಳೆಯುವ ಜಾಗ' ಎಂದು ಬರೆದರು. ನಂಜುಂಡ ಕಾಫಿಗೆ ಬರುವುದನ್ನು ಬಿಟ್ಟರು.

ಎರಡು ವರ್ಷದ ಮೇಲೆ ನಾನು ಇನ್ಶೂರೆನ್ಸ್ ಆಫೀಸಿಗೆ ಸೇರಿದ್ದೆ. ನಂಜುಂಡರ ಇನ್ನೊಂದು ಪ್ರದರ್ಶನಕ್ಕೆ ಒಬ್ಬಳೇ ಹೋದೆ. ಮೇಜಿನ ಮೇಲೆ ಹಿಂದಿನ ಪ್ರದರ್ಶನದ ಪುಸ್ತಿಕೆಯಿತ್ತು. ಬೋರ್ಡಿನ ಫೋಟೋದಲ್ಲಿ ಆ ಚೀಟಿಯೂ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಹೀಗಿತ್ತು: 'ರಚನೆ: ಐತಪ್ಪ ಮತ್ತು ನಂಜುಂಡ.' ಮಾವನ ಹೆಸರೇ ಮೊದಲು.

ಮನೆಗೆ ತಂದು ಓದಿ ಹೇಳಿದೆ. ಮಾವ ಎರಡು ಸಲ ಓದಿಸಿದರು. "ಆ ದಿನವೇ ಓದಿ ಹೇಳ್ಬಾರ್ದಿತ್ತಾ ನೀರಜಾ?" ಎಂದರು.

ಮರುದಿನ ಮಾವ ರಜೆ ಹಾಕಿ ನನ್ನ ಜೊತೆ ಪ್ರದರ್ಶನಕ್ಕೆ ಬಂದರು. ನಂಜುಂಡ ಎದ್ದು ಕೈ ಮುಗಿದರು.

"ತಪ್ಪಾಯ್ತು. ಆ ಬೋರ್ಡು ಕೆರೆದುಬಿಟ್ಟೆ. ಹೊಸತೊಂದು ಬರೆದು ಕೊಡ್ಲಾ?" ಎಂದರು ಮಾವ.

"ಕಟ್ಟೋ ಕೆಲಸ ಬಿಟ್ಟೆ ಐತಪ್ಪನವರೇ. ಆಮೇಲೆ ಮನಸ್ಸಾಗಲಿಲ್ಲ. ಈಗ ಬರೀ ಅಚ್ಚು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾವನಿಗೆ ಎಷ್ಟೋ ಹಗುರವಾಗುತ್ತಿತ್ತು. ಪ್ರದರ್ಶನ ಮುಚ್ಚುವ ಹೊತ್ತಿನವರೆಗೂ ಅವರು ಒಂದೊಂದೇ ಚಿತ್ರದ ಮುಂದೆ ಕೈಕಟ್ಟಿ ನಿಂತರು.

ಮರುವರ್ಷ ನಂಜುಂಡ ಕಲಾಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ ಬರೋಡಾಕ್ಕೆ ಹೋದರು. ಮಾವನಿಗೆ ಅದು ಗೊತ್ತಾದದ್ದು ತಿಂಗಳ ಮೇಲೆ, ಯಾರೋ ಗಿರಾಕಿ ಹೇಳಿ.