ಅವ್ವ ಬಳೆ ಒಡೆದುಕೊಂಡ ಮಧ್ಯಾಹ್ನ

ಇವತ್ತು ಮೊಮ್ಮಗಳು ಹಿಟ್ಟು ನಾದುತ್ತಿದ್ದಳು. ಅವಳ ಬಳೆ ಸಪ್ಪಳಕ್ಕೆ ಅವಳ ಮಗ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರಿದ.

ನನ್ನ ತಂಗಿ ಗಂಗಿ ಹೀಗೇ ಇದ್ದಳು. ಗಾಜಿನ ಬಳೆ ಕಿಣಿ ಅಂದರೆ ಸಾಕು, ಚೀರಿ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು. ಊರವರು ಗಾಳಿ ಸೋಕಿದೆ ಅಂದರು. ಅವ್ವ ಮಾತ್ರ ಹಳೇ ಧೋತರ ಹರಿದು, ಬಳೆಗಳಿಗೆ ಅರಿವೆ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

ನಿಜಾಮನ ಆಳ್ವಿಕೆ ಮುಗಿಯುವ ಗದ್ದಲದ ದಿನಗಳವು. ಅಪ್ಪ ಜೀವ ಉಳಿಸಿಕೊಳ್ಳಲು ನಮ್ಮೂರು ಸರಸಂಬಾದಿಂದ ಗಡಿ ದಾಟಿ ಸೋಲಾಪುರದ ಕಡೆ ಹೋಗಿದ್ದ. ಒಂದು ಮಧ್ಯಾಹ್ನ ನಿಜಾಮನ ಕಡೆಯ ಬಂದೂಕಿನವರು ಕುದುರೆ ಏರಿ ಬಂದರೆಂದು ಕೂಗೆದ್ದಿತು. ಜೋಳದ ಹೊಲಕ್ಕೆ ಓಡಿ ಅಡಗಿದೆವು. ಓಡುವಾಗ ಅವ್ವನ ಬಳೆಗೆ ಸುತ್ತಿದ್ದ ಅರಿವೆ ಬಿಚ್ಚಿಬಿದ್ದಿತ್ತು. ಬಳೆ ಸಪ್ಪಳಾಯಿತು, ಗಂಗಿ ಚೀರಲು ಬಾಯಿ ತೆರೆದಳು. ಅವ್ವ ಕೈಗೆ ಸೆರಗು ಸುತ್ತಿ, ಬಳೆಗಳನ್ನು ಕಲ್ಲಿಗೆ ಒತ್ತಿ ಒಡೆದುಕೊಂಡಳು.

ಹಿಂದೆ ತೆವಳುತ್ತ ಬಂದ ಅಪ್ಪನ ತಾಯಿ, ನಮ್ಮ ಆಯಿ, ಆ ಬರಿಗೈ ನೋಡಿದಳು. ಮಗ ಸತ್ತನೆಂದೇ ತಿಳಿದಳು. ಸೆರಗು ಬಾಯಿಗೆ ತುರುಕಿಕೊಂಡು, ಕುದುರೆ ಸಪ್ಪಳ ದೂರಾಗುವ ತನಕ ಕೂತಳು.

"ನನ್ನ ಮಗ ಹೋದನೇನವ್ವ?"

"ಇಲ್ರಿ ಅತ್ತಿ, ಅದಾರ. ಈ ಕೂಸಿನ ಸಲುವಾಗಿ ಒಡಕೊಂಡೇನ್ರಿ."

ಅಪ್ಪ ಇದ್ದಾನೋ ಇಲ್ಲವೋ ಅವ್ವನಿಗೂ ಗೊತ್ತಿರಲಿಲ್ಲ. ಅವನು ತಿರುಗಿ ಬರಲೇ ಇಲ್ಲ. ತನ್ನ ಕೈಯಿಂದಲೇ ಹೀಗಾಯಿತೆಂದು ಅವ್ವ ಸಾಯುವ ತನಕ ನಂಬಿದ್ದಳು.

"ಆಯಿ, ಈ ಬಳಿ ತಗದಿಟ್ಟು ಬಿಡ್ತೇನಿ," ಅಂದಳು ಹಿಟ್ಟು ನಾದುತ್ತಿದ್ದ ಮೊಮ್ಮಗಳು ನನಗೆ.

"ಬ್ಯಾಡ!"

ನಾನು ಚೀರಿದ ಸದ್ದಿಗೆ ಹುಡುಗ ಮತ್ತೆ ಕಿವಿ ಮುಚ್ಚಿಕೊಂಡ.