‘ಹೋಗು’ ಎಂಬ ಗುಂಡಿ

ಮೊನ್ನೆ ಮೊಬೈಲಿನಲ್ಲಿ ಕರೆಂಟ್ ಬಿಲ್ಲು ಕಟ್ಟಿದೆ. ಕೊನೆಗೆ ‘ಲಾಗ್ ಔಟ್’ ಎಂಬ ಗುಂಡಿ ಬಂತು; ಬೆರಳು ಅಲ್ಲೇ ನಿಂತಿತು. ನಗಬೇಡಿ. ಅದಿರಿನ ಕಾಲದ ಬಳ್ಳಾರಿಯಲ್ಲಿ ಗುಂಡಿ ಎಂದರೆ ಗಣಿಯದೇ ಎಂದು ನೀವು ತಿಳಿದಿರುತ್ತೀರಿ. ನನ್ನನ್ನು ಬೀಳಿಸಿದ್ದು ಈ ಒತ್ತುವ ಗುಂಡಿ.

ಆಗ ಮಣ್ಣು ಮಾರಿದವರೆಲ್ಲ ಧಣಿಗಳು. ಸತ್ಯನಾರಾಯಣಪೇಟೆಯ ನಮ್ಮ ಧಣಿಗೆ ಸಿರುಗುಪ್ಪ, ಕುರುಗೋಡಿನಲ್ಲೂ ಲಾರಿ ಆಫೀಸುಗಳಿದ್ದವು. ಭತ್ತ ಹೊರುತ್ತಿದ್ದ ಲಾರಿಗಳೂ ಅದಿರು ಹೊರಲು ಕಲಿತಿದ್ದವು. ಅವುಗಳ ಓಡಾಟ ನೋಡಿಕೊಳ್ಳಲು ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವ ಕೆಲಸ ನನ್ನದು. ಬರೆದದ್ದನ್ನು ಕೆಡಿಸಿ ನೋಡುವ ಕೆಲಸ ತೆಕ್ಕಲಕೋಟೆಯ ಶಮಶಾದಳದು.

“ಜಾವಾ ಅಂದ್ರ ಮೋಟರ್ ಸೈಕಲ್ ಅಲ್ಲೇನ್ರೀ?” ಎಂದ ಧಣಿ, ನಮ್ಮ ವಿವರಣೆ ಕೇಳಿ ಬೇಸತ್ತು, “ಅದೇನರ ಇರ್ಲಿ. ಸೋಮವಾರ ಇದು ನಡೀಬೇಕು. ನಡೀಲಿಲ್ಲಂದ್ರ ನೀವು ನಡೀರಿ” ಎಂದರು.

ಲಾಗಿನ್ ಆಗಿ ಸುಮ್ಮನೆ ಕೂತವರನ್ನು ಅಪ್ಲಿಕೇಶನ್ನೇ ಹೊರಗೆ ಕಳಿಸುವ ಏರ್ಪಾಡು ಮಾಡಿದ್ದೆ. ಧಣಿ ತೆಗೆಸಿದರು. “ಬಂದೋರನ್ನ ಹೊರಗ ಹಾಕೋದು ನಮ್ಮ ಮನಿತನದಾಗ ಇಲ್ಲ.” ಹಾಗಾಗಿ ಹೊರಡುವವರು ತಾವೇ ಗುಂಡಿ ಒತ್ತಬೇಕಾಯಿತು. ನಾನು ಕನ್ನಡಾಭಿಮಾನ ಉಕ್ಕಿ ಅದರ ಮೇಲೆ ‘ಹೋಗು’ ಎಂದು ಬರೆದೆ.

ಸೋಮವಾರ ಮಧ್ಯಾಹ್ನಕ್ಕೆ ‘ಒಳಗೆ ಜಾಗವಿಲ್ಲ’ ಎಂಬ ಸಾಲು ಎಲ್ಲರ ಪರದೆಯ ಮೇಲೂ ಬಂತು. ಶಮಶಾದ್ ಕುರುಗೋಡಿಗೆ ಫೋನ್ ಹಚ್ಚಿದಳು.

“ಹೋಗು ಒತ್ತೀರೇನ್ರೀ?”

“ಲಾರಿ ಹೊಂಡೋ ಹೊತ್ತಿನ್ಯಾಗ ಹೋಗು ಅಂತಾರೇನವ್ವಾ? ಲಾರಿ ತಿರುಗಿ ಬರಬ್ಯಾಡೇನು?” ಎಂದರು ಗುಮಾಸ್ತರು.

ಸಿರುಗುಪ್ಪದವರದೂ ಅದೇ ಮಾತು. ಪ್ರತಿ ಸಲವೂ ಗುಂಡಿ ಒತ್ತದೆ ಪರದೆ ಮುಚ್ಚಿ, ಹೊಸದಾಗಿ ಒಳಬಂದಿದ್ದರು. ಒಮ್ಮೆಗೆ ಇಷ್ಟೇ ಜನ ಎಂಬ ಮಿತಿಯಿದ್ದ ಸರ್ವರಿನಲ್ಲಿ ಅವರ ಹಳೆಯ ಲಾಗಿನ್‌ಗಳೆಲ್ಲ ಮದುವೆ ಮುಗಿದರೂ ಏಳದ ನೆಂಟರಂತೆ ಒಳಗೇ ಕೂತಿದ್ದವು.

“ನೀನು ಟೆಸ್ಟ್ ಮಾಡಿದ್ದೆಯಲ್ಲಾ?” ಎಂದೆ.

“ಎಲ್ಲಾ ಮಾಡೀನಿ, ಅದೊಂದು ಬಿಟ್ಟು. ನಮ್ಮನ್ಯಾಗೂ ಹಂಗ ಅನ್ನಂಗಿಲ್ರಿ.”

ಗುಂಡಿಯ ಮೇಲೆ ‘ಹೋಗಿ ಬರ್ತೀನಿ’ ಎಂದು ತಿದ್ದಿ, ಸರ್ವರನ್ನು ಮತ್ತೆ ಶುರು ಮಾಡಿದೆವು. ಎಲ್ಲರೂ ಭಕ್ತಿಯಿಂದ ಒತ್ತತೊಡಗಿದರು, ಕೆಲಸ ಉಳಿಯಿತು.

ಗಣಿ ನಿಲ್ಲುವವರೆಗೆ ಮಾತ್ರ. ಲಾರಿಗಳು ಸಾಲುಗಟ್ಟಿ ನಿಂತ ಮೇಲೆ ಧಣಿ ನಮ್ಮಿಬ್ಬರನ್ನೂ ಕರೆಸಿ, ಮುಖ ನೋಡದೆ, “ಆತು, ಹೋಗ್ರಿ” ಎಂದರು. ಇನ್ನೊಂದು ಮಾತು ಬಾಕಿ ಇದೆಯೆಂದು ಶಮಶಾದ್ ಬಾಗಿಲಲ್ಲೇ ನಿಂತಳು. ನಾನೂ ನಿಂತೆ. ಧಣಿ ಫೋನು ಎತ್ತಿಕೊಂಡರು. ಕೆಲಸ ಹೋದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು.

ಈಗ ಯಾರ ಮನೆಯಿಂದ ಹೊರಟರೂ ಚಪ್ಪಲಿ ಮೆಟ್ಟಿಕೊಳ್ಳಲು ಬೇಕೆಂದೇ ತಡ ಮಾಡುತ್ತೇನೆ. ಒಳಗಿನಿಂದ ‘ಹೋಗಿ ಬರ್ರಿ’ ಎಂದು ಕೇಳಿದ ಮೇಲೇ ಮೆಟ್ಟಿಲಿಳಿಯುವುದು.