ಶೀನಣ್ಣನ ಹಿಂದಿನ ಲೋಡು

ಶೀನಣ್ಣನಿಗೆ ಖಾಲಿ ಸೈಕಲ್ ಬಿಡಲು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಏಕೆಂದರೆ ಕಾಪುವಿನಿಂದ ಉಡುಪಿಯವರೆಗೆ ಹೆದ್ದಾರಿಯ ಬದಿಯಲ್ಲಿ ಅವರ ಸೈಕಲನ್ನು ನೋಡದವರು ಕಡಿಮೆ. ಮುಂದೊಂದು ಕ್ಯಾರಿಯರ್, ಹಿಂದೊಂದು ಕ್ಯಾರಿಯರ್. ಎರಡೂ ಕಬ್ಬಿಣದ ಸರಳು ಬಗ್ಗಿಸಿ ಬೆಸುಗೆ ಹಾಕಿಸಿದವು. ಎರಡರ ಮೇಲೂ ಬಾಳೆಲೆಯ ಕಟ್ಟುಗಳು. ದೂರದಿಂದ ನೋಡಿದರೆ ಬಾಳೆಯ ಬುಡವೊಂದು ತಾನಾಗಿ ಎದ್ದು ಉಡುಪಿಗೆ ಹೊರಟ ಹಾಗೆ ಕಾಣುತ್ತಿತ್ತು. ಹತ್ತಿರ ಬಂದ ಮೇಲೆ ಎಲೆಗಳ ನಡುವೆ ಬೈರಾಸು ಟವೆಲು ಸುತ್ತಿದ ಒಂದು ತಲೆ ಕಾಣಿಸುತ್ತಿತ್ತು. ಆ ಭಾರ ಹೊತ್ತು ಹೋಗುವಾಗ ಸೈಕಲ್ ಗೆರೆ ಎಳೆದಂತೆ ನೇರ ಹೋಗುತ್ತಿತ್ತು. ಹೋಟೆಲುಗಳಿಗೆ, ಸಭಾಭವನಗಳಿಗೆ ಎಲೆ ಇಳಿಸಿ ಹಿಂದೆ ಬರುವಾಗ ಮಾತ್ರ ಅದೇ ಸೈಕಲ್ ಆಚೆ ಈಚೆ ಓಲಾಡುತ್ತಿತ್ತು. ಶೀನಣ್ಣ ಒಂದೆರಡು ಸಲ ನೆಲಕ್ಕೆ ಕಾಲು ಕೊಟ್ಟು, ಆಮೇಲೆ ಇಳಿದು ದೂಡಿಕೊಂಡೇ ಬರುತ್ತಿದ್ದರು.

ಕೇಳಿದರೆ ತಪ್ಪೆಲ್ಲ ಸೈಕಲಿನದ್ದು. "ಖಾಲಿ ಸೈಕಲ್ ಎಂದರೆ ಹಗ್ಗ ಬಿಚ್ಚಿದ ಕರು ಮಾರಾಯ್ರೆ. ಎತ್ತ ನುಗ್ಗುತ್ತದೆ ಎಂದು ಅದಕ್ಕೇ ಗೊತ್ತಿಲ್ಲ" ಎನ್ನುತ್ತಿದ್ದರು. ಆದ್ದರಿಂದ ಹಿಂದೆ ಬರುವಾಗ ಅವರು ಲೋಡು ಹುಡುಕುತ್ತಿದ್ದರು. ಯಾರದೋ ಅಕ್ಕಿ ಮೂಟೆ, ಯಾರದೋ ರಿಪೇರಿಯಾದ ಗ್ರೈಂಡರ್. ಏನೂ ಸಿಗದ ದಿನ ರಸ್ತೆ ಬದಿಯ ಕೆಂಪು ಕಲ್ಲಿನ ತುಂಡುಗಳು. ಅಂಥ ತುಂಡುಗಳನ್ನು ಉಡುಪಿಯಿಂದ ಕಾಪುವಿಗೆ ತಂದು ತಂದು ಅವರ ಅಂಗಳದಲ್ಲಿ ಒಂದು ಕಟ್ಟೆಯೇ ಎದ್ದಿತ್ತು. ನಾನು ಶೀನಣ್ಣನ ಬದುಕನ್ನು ಪ್ರವೇಶಿಸಿದ್ದು ಆ ಕಲ್ಲಿನ ಬದಲಿಗೆ.

ನಾನು ಉಡುಪಿಯ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವವನು. ಹೆಸರು ಸುಂದರ, ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಮನೆ ಉದ್ಯಾವರ. ಕೂತಲ್ಲೇ ಕೂತು ಸೀರೆ ಬಿಡಿಸಿ ಮಡಚುವ ಕೆಲಸದಲ್ಲಿ ಅಂಗಡಿ ಬೆಳೆದದ್ದಕ್ಕಿಂತ ನನ್ನ ಸೊಂಟ ಹೆಚ್ಚು ಬೆಳೆಯಿತು. ಒಂದು ಸಂಜೆ ಮನೆಗೆ ಬರುವಾಗ ನಾನಿದ್ದ ರಿಕ್ಷಾ ಹೆದ್ದಾರಿಯ ಬದಿಯಲ್ಲಿ ಮಗುಚಿತು. ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು. ಹಿಂದಿನಿಂದ ಲಾರಿಯ ಹಾರ್ನ್ ಕೇಳಿತು. ಡ್ರೈವರ್ ಎಡಕ್ಕೆ ತಿರುಗಿಸಿದ. ಎಡದ ಚಕ್ರ ಡಾಮರಿನಿಂದ ಕೆಳಗಿಳಿಯಿತು. ರಿಕ್ಷಾ ಸ್ವಲ್ಪ ಹೊತ್ತು ಯೋಚಿಸಿತು, ಆಮೇಲೆ ಮಲಗಿತು. ಲಾರಿ ನಮ್ಮನ್ನು ಮುಟ್ಟಲಿಲ್ಲ. ನನಗಾಗಲಿ ಡ್ರೈವರನಿಗಾಗಲಿ ಒಂದು ಗೀರೂ ಆಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ಬಂದು ನನ್ನ ಸಮೇತ ರಿಕ್ಷಾವನ್ನು ಎತ್ತಿ ನಿಲ್ಲಿಸಿದರು. "ನೀವು ಮೊದಲೇ ಇಳಿದಿದ್ದರೆ ಇಬ್ಬರು ಸಾಕಿತ್ತು" ಎಂದು ಅವರಲ್ಲೊಬ್ಬರು ಏದುಸಿರು ಬಿಡುತ್ತಾ ಹೇಳಿದರು.

ಗಾಯವಿಲ್ಲದ ಅಪಘಾತಕ್ಕೆ ಯಾರೂ ಮರುಗುವುದಿಲ್ಲ. ನಾನೂ ಮರುಗಲಿಲ್ಲ. ಆದರೆ ಮರುದಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಎಂಜಿನ್ನಿನ ನಡುಕ ಮೆಟ್ಟಿಲಿನಿಂದ ನನ್ನ ಮೊಣಕಾಲಿಗೆ ಬಂತು, ಬಂದದ್ದು ಅಲ್ಲೇ ಉಳಿಯಿತು. ಕಂಡಕ್ಟರ್ ಶಿಳ್ಳೆ ಹೊಡೆದ, ನಾನು ಇಳಿದೆ. ಅಂದಿನಿಂದ ಬಸ್ಸು, ರಿಕ್ಷಾ, ಕಾರು, ಸ್ಕೂಟರು, ಎಂಜಿನ್ ಇರುವ ಯಾವುದನ್ನೂ ಹತ್ತಲು ನನ್ನಿಂದ ಆಗಲಿಲ್ಲ. ಇಂಥದ್ದಕ್ಕೂ ಮಣಿಪಾಲದಲ್ಲಿ ಡಾಕ್ಟರರು ಇದ್ದಾರೆಂದು ಹೆಂಡತಿ ಜಯಂತಿ ವಿಚಾರಿಸಿಕೊಂಡು ಬಂದಳು. ಮಣಿಪಾಲದ ಗುಡ್ಡ ಹತ್ತಬೇಕಾದರೆ ಬಸ್ಸು ಹತ್ತಬೇಕು ಎಂಬುದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾನು ಕೊಡೆ ತೆಗೆದುಕೊಂಡು ಅಂಗಡಿಗೆ ನಡೆದೇ ಹೋಗತೊಡಗಿದೆ.

ನಗುವಂಥದ್ದಲ್ಲದ ವಿಷಯ ಒಂದಿತ್ತು. ಮಗಳು ಅಶ್ವಿನಿಯ ಮದುವೆ ನಿಶ್ಚಯವಾಗಿತ್ತು. ಮಳೆ ಬಿಟ್ಟ ಮೇಲೆ, ಹುಡುಗನ ಊರಾದ ಕಾರ್ಕಳದಲ್ಲಿ. ಧಾರೆ ಎರೆಯಬೇಕಾದವನು ನಾನು. ಮುಂಬೈಯಲ್ಲಿರುವ ನನ್ನ ಭಾವ ಫೋನು ಮಾಡಿ, "ಅಷ್ಟು ಕಷ್ಟವಾದರೆ ಧಾರೆ ನಾನು ಎರೆಯುತ್ತೇನೆ. ನೀವು ಮನೆಯಲ್ಲಿ ಕೂತು ವಿಡಿಯೋದಲ್ಲಿ ನೋಡಿ ಭಾವ" ಎಂದು ಧೈರ್ಯ ತುಂಬಿದರು. ಅಶ್ವಿನಿ ನನ್ನೆದುರು ನಗುತ್ತಲೇ, "ಅಪ್ಪ, ನೀವು ಇವತ್ತೇ ಹೊರಟು ನಡೆಯುತ್ತಾ ಇರಿ. ನಾವು ಮದುವೆಗೆ ಬಂದು ಸೇರಿಕೊಳ್ಳುತ್ತೇವೆ" ಎಂದಳು. ಆಮೇಲೆ ಅಡುಗೆ ಮನೆಯಲ್ಲಿ ತಾಯಿಗೆ ಹೇಳಿದ್ದು ಗೋಡೆಯ ಈಚೆ ಇದ್ದ ನನಗೆ ಕೇಳಿಸಿತು: "ಮಾವ ಎರೆದರೆ ನಾನು ಕೈ ಒಡ್ಡುವುದಿಲ್ಲ."

ಹೀಗಿರುವಾಗ ಒಂದು ಸಂಜೆ ಕಿನ್ನಿಮೂಲ್ಕಿಯ ಹತ್ತಿರ ಕೊಡೆ ಹಿಡಿದು ನಡೆಯುತ್ತಿದ್ದೆ. ಸೈಕಲ್ ದೂಡಿಕೊಂಡು ಬಂದ ಶೀನಣ್ಣ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಹೆಂಗಸರು ಸೀರೆಯನ್ನು ಹಾಗೆ ನೋಡುವುದನ್ನು ಅಂಗಡಿಯಲ್ಲಿ ದಿನಾ ಕಾಣುತ್ತೇನೆ. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ.

"ನಿಮ್ಮದು ಎಷ್ಟು ತೂಕ ಉಂಟು?" ಎಂದು ಕೇಳಿದರು.

"ಎಂತಕ್ಕೆ?"

"ಉದ್ಯಾವರಕ್ಕೆ ಅಲ್ವಾ? ಹಿಂದೆ ಕೂತುಕೊಳ್ಳಿ. ಇವತ್ತು ನನಗೂ ಲೋಡು ಸಿಗಲಿಲ್ಲ."

ಮಾತು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದವನು ನಾನು. ಗದರುವ ದನಿ ಅವರದ್ದೇ. ಸೈಕಲಿಗೆ ಎಂಜಿನ್ ಇಲ್ಲ ಎಂಬುದೊಂದನ್ನೇ ನೋಡಿ ಕೂತೆ. ಶೀನಣ್ಣ ಪೆಡಲಿನ ಮೇಲೆ ಭಾರ ಹಾಕಿದರು. ಮುಂದಿನ ಚಕ್ರ ನಿಧಾನವಾಗಿ ಮೇಲೆದ್ದಿತು. ನಾನು ಅಷ್ಟೇ ನಿಧಾನವಾಗಿ ಕೆಳಗೆ ಹೋದೆ. ಕೊನೆಗೆ ಅವರು ಹ್ಯಾಂಡಲ್ ಹಿಡಿದು ನಿಂತಿದ್ದರು, ನಾನು ಡಾಮರಿನ ಮೇಲೆ ಕೂತಿದ್ದೆ; ಬಿಡಿಸಿದ ಕೊಡೆ ಮಾತ್ರ ನನ್ನ ತಲೆಯ ಮೇಲೆ ಮೊದಲಿನ ಹಾಗೆಯೇ ಇತ್ತು. ಶೀನಣ್ಣ ನಗಲಿಲ್ಲ. ಬಹಳ ಗೌರವದಿಂದ, "ಒಳ್ಳೆ ಲೋಡು. ನಿಮಗೆ ಮುಂದೆ ಒಂದೂವರೆ ಕಲ್ಲು ಬೇಕು" ಎಂದರು. ಬೇಲಿಯ ಬುಡದಲ್ಲಿ ಹುಡುಕಿ ಒಂದು ಇಡೀ ಕೆಂಪು ಕಲ್ಲು, ಒಂದು ಅರ್ಧ ಕಲ್ಲು ತಂದು ಮುಂದಿನ ಕ್ಯಾರಿಯರಿಗೆ ಹೇರಿ, ಹಳೆಯ ಟ್ಯೂಬಿನಲ್ಲಿ ಬಿಗಿದರು. ಸೈಕಲ್ ಉದ್ಯಾವರದವರೆಗೆ ಸ್ವಲ್ಪವೂ ಓಲಾಡಲಿಲ್ಲ.

ಅಂದಿನಿಂದ ಅದು ರೂಢಿಯಾಯಿತು. ಅವರಿಗೆ ಭಾರ ಬೇಕಿತ್ತು, ನನಗೆ ಎಂಜಿನ್ನಿಲ್ಲದ ಗಾಡಿ ಬೇಕಿತ್ತು. ಇದರಲ್ಲಿ ಯಾರದ್ದೂ ಉಪಕಾರ ಇರಲಿಲ್ಲ. ಸಂಜೆ ಅಂಗಡಿಯ ಹುಡುಗಿಯರು, "ಸುಂದರಣ್ಣ, ನಿಮ್ಮ ಗಾಡಿ ಬಂತು" ಎಂದು ಕರೆದು, ನಾನು ಏರಿ ಕೂರುವುದನ್ನು ನೋಡಲು ಬಾಗಿಲಿಗೆ ಬರುತ್ತಿದ್ದರು. ಶೀನಣ್ಣನ ನಿಯಮಗಳು ಕಠಿಣ. ಲೋಡಿಗೆ ಬಾಯಿ ಇರಬಾರದು. ಲೋಡು ಕಾಲು ಆಡಿಸಬಾರದು. ಮೊದಲ ದಿನಗಳಲ್ಲಿ ಸರ್ವಿಸ್ ರಸ್ತೆಯ ಪಕ್ಕದಲ್ಲಿ ಲಾರಿ ಹೋದರೆ ನಾನು ಕಣ್ಣು ಮುಚ್ಚಿ ಅವರ ಅಂಗಿ ಹಿಡಿದುಕೊಳ್ಳುತ್ತಿದ್ದೆ.

"ಎಂತ ಅದು? ತೆಂಗಿನಕಾಯಿ ಮೂಟೆ ನನ್ನ ಅಂಗಿ ಹಿಡಿಯುತ್ತದಾ?"

"ಹೆದರಿಕೆ ಆಗುತ್ತದೆ ಶೀನಣ್ಣ."

"ಹೆದರುವುದು ಬಿಡುವವನ ಕೆಲಸ. ಅದು ನಾನು ನೋಡಿಕೊಳ್ಳುತ್ತೇನೆ. ನೀವು ಸುಮ್ಮನೆ ಭಾರ ಇರಿ."

ಸುಮ್ಮನೆ ಭಾರ ಇರುವುದು. ಐವತ್ತು ದಾಟಿದ ಮೇಲೆ ನನಗೆ ಸರಿಯಾಗಿ ಒಪ್ಪುವ ಕೆಲಸವೊಂದು ಸಿಕ್ಕಿತ್ತು. ಕೆಲವು ವಾರಗಳಲ್ಲಿ ನಾನು ಅದರಲ್ಲಿ ಪಳಗಿದೆ. ಕಣ್ಣು ತೆರೆದುಕೊಂಡೇ ಕೂರುತ್ತಿದ್ದೆ, ಲಾರಿಗಳನ್ನೂ ನೋಡುತ್ತಿದ್ದೆ, ಆದರೆ ಶೀನಣ್ಣನ ಬೆನ್ನಿನ ಈಚೆಯಿಂದ.

ಎಲೆ ಮತ್ತು ಭಾರ ಬಿಟ್ಟರೆ ಬೇರೆ ಯಾವ ವಿಷಯದಲ್ಲೂ ಶೀನಣ್ಣನ ಮಾತು ಸರಿಯಾದದ್ದು ನನಗೆ ನೆನಪಿಲ್ಲ. ಇವತ್ತು ಮಳೆ ಇಲ್ಲ ಎಂದ ದಿನ ನಾವಿಬ್ಬರೂ ನೆನೆದದ್ದೇ. ಸೀರೆಗೆ ಬೆಲೆ ಬರುವುದು ಬಣ್ಣದಿಂದ ಎಂದು ನನಗೇ ಪಾಠ ಮಾಡುತ್ತಿದ್ದರು. ಪೇಪರ್ ಎಲೆಯಲ್ಲಿ ಬಡಿಸುವ ಹೋಟೆಲಿನ ಮುಂದೆ ಹೋಗುವಾಗ, ಒಳಗಿದ್ದವರಿಗೆ ಕೇಳುವಂತೆ, "ಪೇಪರ್ ಓದಲಿಕ್ಕೆ ಇರುವುದು ಮಾರಾಯ್ರೆ, ಉಣ್ಣಲಿಕ್ಕಲ್ಲ" ಎಂದು ಕೂಗುತ್ತಿದ್ದರು. ಹಿಂದೆ ಕೂತ ನಾನು ಕೊಡೆಯಿಂದ ಮುಖ ಮರೆಮಾಡಿಕೊಳ್ಳುತ್ತಿದ್ದೆ.

ಒಂದು ದಿನ ಮನೆಯ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾ ಜಯಂತಿಗೆ ಹೇಳಿದರು: "ಅಕ್ಕ, ನಿಮ್ಮ ಯಜಮಾನರು ಒಳ್ಳೆ ಲೋಡು. ತಿರುವಿನಲ್ಲಿ ಕೂಡ ವಾಲುವುದಿಲ್ಲ."

"ಮನೆಯಲ್ಲೂ ಹಾಗೆಯೇ ಶೀನಣ್ಣ" ಎಂದಳು ಜಯಂತಿ. "ಇಟ್ಟಲ್ಲಿಂದ ಅಲುಗುವುದಿಲ್ಲ." ಆಮೇಲೆ ಅವಳ ದನಿ ಇಳಿಯಿತು. ಮದುವೆಯ ಸಂಗತಿ, ಧಾರೆಯ ಸಂಗತಿ ಎಲ್ಲ ಹೇಳಿದಳು.

ಶೀನಣ್ಣ ಲೋಟ ಕೆಳಗಿಟ್ಟರು. "ಕಾರ್ಕಳ ಎಂತ ಕಾಶಿಯಾ? ನಾನು ಕೊಂಡುಹೋಗುತ್ತೇನೆ. ಊಟದ ಎಲೆಯೂ ನನ್ನದೇ. ಮುಂದೆ ಎಲೆ, ಹಿಂದೆ ಅಪ್ಪ. ಕಲ್ಲು ಕೂಡ ಬೇಡ."

ಅಶ್ವಿನಿ ಒಳಗಿನಿಂದ ಓಡಿ ಬಂದು, "ಹೌದಾ ಶೀನಣ್ಣ?" ಎಂದಳು. ಆ ಮುಖ ನೋಡಿದ ಮೇಲೆ, ನಡುವೆ ಎಷ್ಟು ಗುಡ್ಡಗಳಿವೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮದುವೆಯ ಹಿಂದಿನ ದಿನ ಬೆಳಕು ಹರಿಯುವಾಗ ಹೊರಟೆವು. ಮುಂದಿನ ಕ್ಯಾರಿಯರಿನಲ್ಲಿ ಹ್ಯಾಂಡಲಿಗಿಂತ ಎತ್ತರಕ್ಕೆ ಎಲೆ. ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಾನು. ಮಣಿಪಾಲದ ಏರಿನಲ್ಲಿ ನಾನು ಇಳಿದು ದೂಡಿದೆ. ಪರ್ಕಳದ ಇಳಿಜಾರಿನಲ್ಲಿ ಬ್ರೇಕು ಕಿರುಚಿತು, ಲೋಡು ಕಿರುಚಲಿಲ್ಲ. ಆಮೇಲೆ ಏರು, ಮತ್ತೆ ಏರು. ಮುಂದಿನಿಂದ ಬರುತ್ತಿದ್ದ ಮಾತು ನಿಂತಿತು. ಬಯ್ಯದ ಶೀನಣ್ಣನನ್ನು ನಾನು ಮೊದಲು ಕಂಡದ್ದು ಅಲ್ಲಿ. ಹಿರಿಯಡ್ಕ ತಲುಪಿದಾಗ ಅವರು ಬಸ್ ಸ್ಟ್ಯಾಂಡಿನ ಗೋಡೆಗೆ ಸೈಕಲ್ ಒರಗಿಸಿ, ಬೆಂಚಿನಲ್ಲಿ ಕೂತು, ಬೈರಾಸಿನಿಂದ ಮುಖ ಮುಚ್ಚಿಕೊಂಡರು. ಬೆನ್ನು ಏರಿ ಇಳಿಯುತ್ತಿತ್ತು. ತುಂಬ ಹೊತ್ತಿನ ಮೇಲೆ ಮುಖ ತೆಗೆದರು. ಬಣ್ಣ ಬೂದಿಯ ಹಾಗಿತ್ತು.

"ಇನ್ನು ನನಗೆ ಕೂಡುವುದಿಲ್ಲ, ಸುಂದರಣ್ಣ."

"ಎಲೆ ಇಳಿಸೋಣ" ಎಂದೆ.

"ಎಲೆಗೆ ಕಾಲಿಲ್ಲ. ನಿಮಗೆ ಉಂಟು." ಅವರು ನನ್ನನ್ನು ನೋಡದೆ, ಅಲ್ಲಿ ನಿಂತಿದ್ದ ಬಸ್ಸನ್ನು ನೋಡಿದರು. "ನಾಳೆ ಹುಡುಗಿ ಕೈ ಒಡ್ಡುವಾಗ ಯಾರು ಎರೆಯಬೇಕು, ನೀವೇ ಹೇಳಿ."

ನಾನು ಎಲೆಯ ಕಟ್ಟು ಬಿಚ್ಚಲು ಹೋದೆ. ಶೀನಣ್ಣ ಎದ್ದು, ನನ್ನ ರಟ್ಟೆ ಹಿಡಿದು ಬಸ್ಸಿನ ಹಿಂದಿನ ಬಾಗಿಲಿಗೆ ಕೊಂಡುಹೋದರು. ಕಂಡಕ್ಟರನಿಗೆ, "ಇದನ್ನು ಕಾರ್ಕಳದಲ್ಲಿ ಇಳಿಸಬೇಕು. ಕಡೆಯ ಸೀಟಿನಲ್ಲಿ ಕೂರಿಸಿ, ಹಿಂದಿನ ಗಾಜಿನಲ್ಲಿ ನೋಡುತ್ತಾ ಇರಲಿ" ಎಂದರು.

"ಎಂತ, ಪಾರ್ಸೆಲಾ?"

"ಹೌದು. ಒಡೆಯುವ ಸಾಮಾನು."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ಕೂತೆ. ಎಂಜಿನ್ ಶುರುವಾಯಿತು. ಏಳಬೇಕೆಂದು ಸೀಟಿನ ಸರಳು ಹಿಡಿದೆ. ಆಗ ಗಾಜಿನಾಚೆ, ಅರ್ಧದಷ್ಟು ಎಲೆಗಳನ್ನು ಹಿಂದಿನ ಕ್ಯಾರಿಯರಿಗೆ ದಾಟಿಸುತ್ತಿದ್ದ ಶೀನಣ್ಣ ಕಂಡರು. ಬಸ್ಸು ಪೇಟೆಯೊಳಗೆ ತೆವಳುತ್ತಿದ್ದ ಹಾಗೆ ಅವರೂ ಸೈಕಲ್ ಏರಿ ಹಿಂದೆಯೇ ಬಂದರು. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಹತ್ತಿರ ಬಂದು ಗಾಜಿಗೆ ಬಡಿದರು. "ಇಳಿಯಬೇಡಿ! ಇಳಿದರೆ ಎಲೆ ಎಲ್ಲ ಇಲ್ಲೇ ದನಕ್ಕೆ ಹಾಕುತ್ತೇನೆ!" ಅದರ ಮುಂದಿನ ಸ್ಟಾಪಿನಲ್ಲಿ ಅವರು ಬೆರಳಷ್ಟು ಕಾಣುತ್ತಿದ್ದರು, ಬಾಯಿ ಆಡುವುದು ಮಾತ್ರ ಗೊತ್ತಾಗುತ್ತಿತ್ತು. ಆಮೇಲೊಂದು ತಿರುವು ಬಂತು, ಅವರು ಕಾಣಲಿಲ್ಲ. ಇನ್ನೇನು ಕಾಣುತ್ತಾರೆ ಎಂದು ನಾನು ನೋಡುತ್ತಲೇ ಇದ್ದೆ. ಕಂಡಕ್ಟರ್ ಹೆಗಲು ಮುಟ್ಟಿ, "ಪಾರ್ಸೆಲ್, ಕಾರ್ಕಳ ಬಂತು" ಎಂದ.

ಶೀನಣ್ಣ ಬಂದು ಮುಟ್ಟಿದ್ದು ಮಧ್ಯಾಹ್ನ ಕಳೆದ ಮೇಲೆ. ಒಂದು ಎಲೆಯೂ ಹರಿದಿರಲಿಲ್ಲ. ಮರುದಿನ ಧಾರೆಯ ಹೊತ್ತಿಗೆ ಅಶ್ವಿನಿ ಕೈ ಒಡ್ಡಿದಳು. ನಾನು ಗಿಂಡಿ ಎತ್ತಿದೆ. ಗಿಂಡಿ ಸ್ವಲ್ಪ ಹೆಚ್ಚೇ ವಾಲಿದ್ದನ್ನು ಕಂಡು ಅವಳು ಮೆಲ್ಲಗೆ, "ನಿಧಾನ ಅಪ್ಪ, ನೀವೇ ಆರಿಸಿದ ಸೀರೆ" ಎಂದಳು. ನೀರು ಅವಳ ಕೈಯ ಮೇಲೆಯೇ ಬಿತ್ತು. ಶೀನಣ್ಣ ಇದನ್ನು ನೋಡಲಿಲ್ಲ. ಎಲೆ ಹಾಕುವ ಹುಡುಗರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಮಂತ್ರ, ವಾದ್ಯ ಎಲ್ಲದರ ಮೇಲಿನಿಂದ ಊಟದ ಹಾಲಿನ ಅವರ ಕೂಗು ಮಂಟಪಕ್ಕೆ ಕೇಳುತ್ತಿತ್ತು: "ತುದಿ ಎಡಕ್ಕೆ ಮಾರಾಯ, ಎಡಕ್ಕೆ!"

ಆಮೇಲೆ ನಾನು ಬಸ್ಸಿನಲ್ಲೇ ಓಡಾಡತೊಡಗಿದೆ. ಮೊದಮೊದಲು ಕಡೆಯ ಸೀಟು ಸಿಕ್ಕಿದರೆ ಮಾತ್ರ, ಆಮೇಲೆ ಎಲ್ಲಿ ಸಿಕ್ಕಿದರೂ. ದಾರಿಯಲ್ಲಿ ಎದುರಾದರೆ ಶೀನಣ್ಣ, "ಎಂತ, ದೊಡ್ಡ ಜನ ಆದಿರಿ!" ಎಂದು ಬಯ್ಯುತ್ತಿದ್ದರು. ಮರುವರ್ಷದ ಮಳೆಯಲ್ಲಿ, ಎಲೆ ಕಟ್ಟುವಾಗಲೇ ಕುಸಿದು ಬಿದ್ದರು ಎಂದು ಸುದ್ದಿ ಬಂತು. ಮಣಿಪಾಲದ ಆಸ್ಪತ್ರೆಗೆ ಹೋದೆ. ಎಲೆಗಳಿಲ್ಲದೆ ಅವರು ಬಹಳ ಸಣ್ಣ ಮನುಷ್ಯರಾಗಿ ಕಂಡರು.

"ಹೇಗೆ ಬಂದಿರಿ?" ಎಂದರು.

"ಬಸ್ಸಿನಲ್ಲಿ."

"ಕೂತುಕೊಂಡಾ?"

"ಇಲ್ಲ, ರಶ್ ಇತ್ತು. ನಿಂತೇ ಬಂದೆ."

"ಹಾಗಾದರೆ ಆಯಿತು" ಎಂದು ಕಣ್ಣು ಮುಚ್ಚಿದರು. ಆ ವಾರವೇ ತೀರಿಕೊಂಡರು.

ಕಾಪುವಿಗೆ ಹೊರಟ ವ್ಯಾನಿನಲ್ಲಿ ಅವರ ತಮ್ಮ ಮುಂದೆ ಕೂತರು. ಹಿಂದೆ, ಶೀನಣ್ಣನ ಪಕ್ಕದಲ್ಲಿ, ಯಾರಾದರೂ ಬೇಕಿತ್ತು. ನಾನು ಹತ್ತಿದೆ. ಎಂಜಿನ್ ಇರುವ ಗಾಡಿಯಲ್ಲಿ ಅವರನ್ನು ನಾನು ಕಂಡದ್ದು ಅದೇ ಮೊದಲು. ಗುಡ್ಡ ಇಳಿಯುವ ತಿರುವಿನಲ್ಲಿ ಅವರು ಸ್ವಲ್ಪ ಜಾರಿದರು. ಭುಜ ಹಿಡಿದು ಸರಿಮಾಡಿದೆ, ಹಿಡಿದ ಕೈ ತೆಗೆಯಲಿಲ್ಲ.

"ಸ್ವಲ್ಪ ನಿಧಾನ ಹೋಗಿ" ಎಂದೆ.

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಹೆದರಿಕೆ ಆಗ್ತದಾ ಅಣ್ಣ?"

"ನನಗಲ್ಲ" ಎಂದೆ.